ಬಲಕ್ಕಷ್ಟೇ ಸುತ್ತಿದ ಕೆಂಪು ಕಾರು

ಹುಬ್ಬಳ್ಳಿಯ ಬೈಪಾಸ್ ರಸ್ತೆಯಲ್ಲಿ ಮಕ್ತುಂಸಾಬ್ ಎಂಬ ಮುದುಕರ ಟೈರ್ ಅಂಗಡಿ ಇತ್ತು. ಅವರದೊಂದು ವಿಚಿತ್ರ ರೂಢಿ. ಹಳೆಯ ಟೈರನ್ನು ಕಣ್ಣಾರೆ ನೋಡದೆ ಹೊಸ ಟೈರು ಕೊಡುತ್ತಿರಲಿಲ್ಲ. ಗಿರಾಕಿ ಎಷ್ಟೇ ದೊಡ್ಡವನಿರಲಿ, ಎಷ್ಟೇ ಅವಸರದಲ್ಲಿರಲಿ, ಮೊದಲು ಗಾಲಿ ಬಿಚ್ಚಿಸುವುದು, ಹಣೆಯ ಮೇಲಿನ ಕನ್ನಡಕ ಮೂಗಿಗೆ ಇಳಿಸುವುದು, ಸಣ್ಣ ಸ್ಕ್ರೂಡ್ರೈವರಿನಿಂದ ಟೈರಿನ ಗೆರೆಗಳಲ್ಲಿ ಸಿಕ್ಕಿದ್ದನ್ನೆಲ್ಲ ಕೆದಕಿ ಅಂಗೈ ಮೇಲೆ ಹಾಕಿಕೊಂಡು ನೋಡುವುದು.

ನೋಡಿ ಸುಮ್ಮನಿರುತ್ತಿದ್ದರೇ? ಇಲ್ಲ. ಓದಿ ಹೇಳುತ್ತಿದ್ದರು. ಒಬ್ಬ ಮಾಸ್ತರರ ಕಾರಿನ ಟೈರು ಎರಡೂ ಅಂಚಿಗೆ ಸವೆದಿದ್ದು ನೋಡಿ, "ಸರ, ಗಾಳಿ ತುಂಬಿಸಿ ನಾಕ ತಿಂಗಳಾತಲ್ರಿ?" ಎಂದಿದ್ದರು. ಮಾಸ್ತರರು ಬೆರಳು ಎಣಿಸಿ ನೋಡಿದರು, ಸರಿಯಾಗಿ ನಾಲ್ಕು ತಿಂಗಳಾಗಿತ್ತು. ಇಂಥವು ಊರಲ್ಲೆಲ್ಲ ಹರಡಿ, ಕಾರು ಇಟ್ಟವರು ಮಕ್ತುಂಸಾಬರ ಮಾತಿಗೆ ಎದುರಾಡುತ್ತಿರಲಿಲ್ಲ.

"ಮನಷ್ಯಾ ಬಾಯಿಲೆ ಏನ ಬೇಕಾದ್ದ ಹೇಳ್ತಾನ್ರಿ. ಟೈರಿಗೆ ಬಾಯಿ ಇಲ್ಲ. ಅದಕ್ಕ ಅದು ಖರೇ ಹೇಳ್ತೈತಿ," ಎನ್ನುವುದು ಅವರ ಮಾತು. ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂದು ನಾವೂ ನೋಡೋಣ.

ಒಂದು ಮಳೆಗಾಲದ ಆರಂಭದಲ್ಲಿ ಪ್ರಭುಲಿಂಗ ಹಾವನೂರ ಎಂಬ ವ್ಯಾಪಾರಿ ಆ ಅಂಗಡಿಗೆ ಬಂದ. ಬ್ಯಾಡಗಿ ಮೆಣಸಿನಕಾಯಿ ಕೊಂಡು ಮಾರುವುದು ಅವನ ಕಸುಬು. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅವನ ಜೀವ. ಕಾರು ಕೊಂಡವನು ತೊಳೆದು ನಿಲ್ಲಿಸಿ ಖುಷಿಪಡಬಹುದಿತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬಂತೆ, ಇವನು ಹಿಂದಿನ ವರ್ಷ ತಮಿಳುನಾಡಿನ ಕಡೆಯ ರೇಸ್ ಟ್ರ್ಯಾಕಿಗೆ ಹೋಗಿ ಕಾರು ಓಡಿಸಿ ಬಂದಿದ್ದ. ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವನಾಗಿದ್ದ. ಅಲ್ಲಿ ಯಾರೋ ಗೆಳೆಯ, "ಪ್ರಭೂನ ಕಾರು ಬ್ಯಾಡಗಿ ಮೆಣಸಿನಕಾಯಿ ಇದ್ದಂಗ. ಬಣ್ಣ ಬಾಳ, ಖಾರ ಇಲ್ಲ," ಎಂದು ನಗಿಸಿದ್ದ. ಆ ನಗು ಇವನ ಎದೆಯಲ್ಲಿ ಒಂದು ವರ್ಷದಿಂದ ಉರಿಯುತ್ತಿತ್ತು. ಈ ಸಲದ ಓಟಕ್ಕೆ ಇನ್ನು ಮೂರೇ ವಾರ ಉಳಿದಿತ್ತು.

"ಚಾಚಾ, ಟೈರ ಸವದಾವು. ಹೋದ ವರ್ಷ ಒಂದ ದಿನ ರೇಸಿನ ಟ್ರ್ಯಾಕಿನ್ಯಾಗ ಓಡಸಿದ್ದೆ. ಈ ಸಲ ಟ್ರ್ಯಾಕ್ ಟೈರ ಹಾಕ್ರಿ," ಎಂದ.

ಅಂಗಡಿಯಲ್ಲಿ ಅಂಥ ನಾಲ್ಕು ಟೈರು ಇದ್ದವು. ಯಾರೋ ತರಿಸಿ, ಒಯ್ಯದೆ ಬಿಟ್ಟವು. ಅಳತೆಯೂ ಸರಿಯಾಗುತ್ತಿತ್ತು. ಬೇರೆ ಕಡೆ ಹೇಳಿ ತರಿಸಿದರೆ ತಿಂಗಳು ಕಾಯಬೇಕು. ಅವನು ಇಲ್ಲಿಗೇ ಬರಲು ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಪ್ರಭುಲಿಂಗ ಬಾಯಿಬಿಟ್ಟು ಹೇಳಲಿಲ್ಲ. ಇಡೀ ಹುಬ್ಬಳ್ಳಿ ನಂಬುವ ಮಕ್ತುಂಸಾಬರ ಬಾಯಿಂದ "ನೀವು ರೇಸಿನವರು" ಎಂದು ಅನ್ನಿಸಿಕೊಳ್ಳಬೇಕೆಂಬ ಆಸೆ ಅವನಿಗಿತ್ತು.

ಮುದುಕರು ಎರಡು ಥರದ ಟೈರುಗಳನ್ನೂ ಅವನ ಮುಂದೆ ಉರುಳಿಸಿ ತಂದರು. ಟ್ರ್ಯಾಕ್ ಟೈರಿನ ಮೈಮೇಲೆ ಗೆರೆಗಳೇ ಕಡಿಮೆ. ರೋಡ್ ಟೈರಿನ ತುಂಬ ಆಳದ ಗೆರೆಗಳು.

"ಇದು ನೋಡ್ರಿ, ಕಾದ್ರ ಅಷ್ಟ ಹಿಡೀತೈತಿ," ಎಂದು ಟ್ರ್ಯಾಕ್ ಟೈರನ್ನು ತಟ್ಟಿದರು. "ಟ್ರ್ಯಾಕಿನ್ಯಾಗ ಎರಡ ಸುತ್ತ ಜೋರ ಹೊಡದ್ರ ಬೆಲ್ಲದ ಪಾಕದಂಗ ನೆಲಕ್ಕ ಅಂಟತೈತಿ. ತಣ್ಣಗಿದ್ದಾಗ ಮಾತ್ರ ಇದರ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ಮಳ್ಯಾಗಂತೂ ನೀರು ಹೋಗಾಕ ಗೆರಿನ ಇಲ್ಲ. ಇನ್ನ ಈ ರೋಡ್ ಟೈರ, ಟ್ರ್ಯಾಕಿನ್ಯಾಗ ನಾಕ ಸುತ್ತಿಗೆ ದಣೀತೈತಿ, ಜಾರ್ತೈತಿ. ಆದ್ರ ಮನಿ ಬಾಗಿಲದಾಗ, ಥಂಡ್ಯಾಗ, ಮಳ್ಯಾಗ, ಮೊದಲನೇ ತಿರುವಿಗೇನ ಹಿಡೀತೈತಿ."

"ಅದೆಲ್ಲಾ ಗೊತ್ತೈತ್ರಿ. ನನಗ ಟ್ರ್ಯಾಕಿಂದ ಬೇಕು."

"ನಿಮ್ಮ ಟೈರು ಏನ ಅಂತಾವು ಕೇಳೂಣಂತ."

ಗಾಲಿ ಬಿಚ್ಚಿದರು. ಸ್ಕ್ರೂಡ್ರೈವರ್ ಆಡಿಸಿದರು. ಗೆರೆಗಳಿಂದ ಹಳದಿ ಬಣ್ಣದ ಚಪ್ಪಟೆ ಬೀಜಗಳು ಉದುರಿದವು. ಮೆಣಸಿನಕಾಯಿ ಬೀಜ. "ದಿನಾ ಎಪಿಎಂಸಿ ಯಾರ್ಡಿಗೆ ಹೋಗ್ತೀರಿ," ಎಂದರು. ಟೈರಿನ ಮೈ ಸಮನಾಗಿ ಸವೆದಿತ್ತು. "ಒಳ್ಳೇ ರಸ್ತಾದಾಗ, ಸಮಾಧಾನಲೆ ಓಡಸ್ತೀರಿ." ಆಮೇಲೆ ಎಡಗಡೆಯ ಮುಂದಿನ ಟೈರನ್ನು ಹೊರಳಿಸಿ ಅದರ ಪಕ್ಕೆಯ ಮೇಲೆ ಬೆರಳಾಡಿಸಿದರು. ಅಲ್ಲಿ ಕಲ್ಲಿಗೆ ತಿಕ್ಕಿದ ಗುರುತಿತ್ತು. ಒಂದೇ ಜಾಗದಲ್ಲಿ, ಒಂದೇ ಎತ್ತರಕ್ಕೆ, ಮತ್ತೆ ಮತ್ತೆ ತಿಕ್ಕಿದ ಗುರುತು.

"ಯಾರನ್ನೋ ಇಳಸಾಕ ಗಾಲಿ ಫುಟ್‌ಪಾತಿಗೆ ತಾಗಿಸಿ ನಿಲ್ಲಸ್ತೀರಿ. ದಿನಾ. ಯಾರ್ರಿ ಅವರು?"

ಪ್ರಭುಲಿಂಗನ ಮುಖ ಸ್ವಲ್ಪ ಸಡಿಲವಾಯಿತು. "ನನ್ನ ಮಗಳ್ರಿ, ಸಿಂಚನಾ. ಮುಂಜಾನೆ ಧಾರವಾಡಕ್ಕ ಈಜಾಕ ಕರಕೊಂಡ ಹೋಗ್ತೀನಿ. ಅಲ್ಲೆ ನೀರ ನಿಂತಿರ್ತೈತಿ. ಆಕಿ ಕಾಲ ತೊಯ್ಯಬಾರದಂತ ತಾಗಿಸಿ ನಿಲ್ಲಸ್ತೀನಿ."

ಮಕ್ತುಂಸಾಬರು ಕನ್ನಡಕ ಹಣೆಗೇರಿಸಿದರು. "ಹಂಗಾರ ನಿಮಗ ರೋಡ್ ಟೈರು. ಟ್ರ್ಯಾಕಿನ ಒಂದ ಗುರುತೂ ಇದರ ಮ್ಯಾಲಿಲ್ಲ. ಹೋದ ವರ್ಷದ ಒಂದ ದಿನದ ಗುರುತು ವರ್ಷದ ರಸ್ತಾದಾಗ ಅಳಿಸಿ ಹೋಗೇತಿ."

ಪ್ರಭುಲಿಂಗನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ.

"ಚಾಚಾ, ನಾ ಎಲ್ಲೆ ಹೋಗಿ ಬಂದೀನಿ ಅನ್ನೂದು ಈ ಟೈರಿಗೆ ಗೊತ್ತೈತಿ, ಒಪ್ಪಿದೆ. ನಾ ಎಲ್ಲೆ ಹೋಗಬೇಕಂತ ಮಾಡೀನಿ ಅನ್ನೂದು ಇದಕ್ಕ ಹೆಂಗ ಗೊತ್ತಿರಬೇಕ್ರಿ?"

ಮುದುಕರು ಸ್ಕ್ರೂಡ್ರೈವರ್ ಕೆಳಗಿಟ್ಟರು. ನಲವತ್ತು ವರ್ಷದಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಎರಡು ಚಹಾ ಹೇಳಿದರು. ಚಹಾ ಕುಡಿದು ಮುಗಿಯುವವರೆಗೂ ಯೋಚಿಸಿದರು. ನನಗೂ ಈ ಪ್ರಶ್ನೆ ಇಷ್ಟ, ನಿಜ ಹೇಳುತ್ತೇನೆ. ಬರೀ ಹಳೆಯ ಗುರುತು ನೋಡಿ ಮನುಷ್ಯನ ಮುಂದಿನ ದಾರಿ ಕಟ್ಟಿಹಾಕುವುದು ಯಾವ ನ್ಯಾಯ?

"ಖರೇ ಮಾತ್ರಿ ಸಾವ್ಕಾರ್ರ," ಎಂದರು ಮುದುಕರು ಕೊನೆಗೆ. "ಅದು ಇದಕ್ಕ ಗೊತ್ತಿಲ್ಲ. ಒಂದ ಕೆಲಸ ಮಾಡ್ರಿ. ಇವೇ ಟೈರ ಹಾಕ್ಕೊಂಡ ಟ್ರ್ಯಾಕಿಗೆ ಒಂದೆರಡ ಸಲ ಹೋಗಿ ಬರ್ರಿ. ಟ್ರ್ಯಾಕಿನ ತಿರುವು ಟೈರಿನ ಅಂಚ ತಿಂತಾವು. ಆ ಗುರುತು ನನಗ ಕಂಡ್ರ, ಮರುಮಾತಿಲ್ಲದ ಕೊಡ್ತೀನಿ."

ಪ್ರಭುಲಿಂಗ ಹಳೆಯ ಟೈರನ್ನೇ ಹಾಕಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವನ ತಲೆ ಓಡುತ್ತಿತ್ತು. ಟ್ರ್ಯಾಕು ಇರುವುದು ದೂರದ ತಮಿಳುನಾಡಿನಲ್ಲಿ. ಮೂರು ವಾರದಲ್ಲಿ ಎರಡು ಸಲ ಹೋಗಿ ಬರುವುದು ಆಗದ ಮಾತು. ಆದರೆ ಮುದುಕರಿಗೆ ಬೇಕಾದದ್ದು ಏನು? ಅಂಚು ಸವೆದ ಗುರುತು. ಗುರುತು ಮಾಡುವುದಕ್ಕೆ ಟ್ರ್ಯಾಕೇ ಯಾಕೆ ಬೇಕು?

ಊರ ಹೊರಗೆ ಅವನದೊಂದು ಸಿಮೆಂಟಿನ ಕಣವಿತ್ತು. ಬೇಸಿಗೆಯಲ್ಲಿ ಅಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಖಾಲಿ. ಆ ವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಕಣ ಒಣಗಿತ್ತು. ಪ್ರಭುಲಿಂಗ ನಡುವೆ ಒಂದು ಖಾಲಿ ಡ್ರಮ್ಮು ನಿಲ್ಲಿಸಿದ. ಅದರ ಸುತ್ತ ಕಾರನ್ನು ಗರಗರ ಸುತ್ತಿಸಿದ. ಟೈರು ಕಿರುಚಿದವು, ಸುಟ್ಟ ರಬ್ಬರಿನ ವಾಸನೆ ಎದ್ದಿತು. ಸತತ ಮೂರು ಸಂಜೆ ಹೀಗೇ ಮಾಡಿದ. ಮನೆಯಲ್ಲಿ ಕೇಳಿದರೆ "ಕಣದಾಗ ಸ್ವಲ್ಪ ಕೆಲಸ ಐತಿ" ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಸ್ಟಿಯರಿಂಗು ನಮ್ಮ ಕಾರುಗಳಲ್ಲಿ ಬಲಗಡೆ ಇರುತ್ತದೆ. ಬಲಕ್ಕೆ ತಿರುಗಿದರೆ ಡ್ರಮ್ಮು ಅವನ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು. ಎಡಕ್ಕೆ ತಿರುಗಿದರೆ ಕಾಣುತ್ತಿರಲಿಲ್ಲ, ಗುದ್ದುವ ಭಯ. ಹಾಗಾಗಿ ಅವನು ಮೂರೂ ಸಂಜೆ ಬಲಕ್ಕಷ್ಟೇ ಸುತ್ತಿದ. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಎಡಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಎಡಗಡೆಯ ಎರಡು ಟೈರುಗಳ ಹೊರ ಅಂಚು ಬೋಳಾಯಿತು. ಒಂದು ಗೆರೆಯೂ ಉಳಿಯಲಿಲ್ಲ.

ಮೂರನೆಯ ಸಂಜೆ ಕೆಳಗಿಳಿದು ನೋಡಿ ಅವನಿಗೆ ಖುಷಿಯಾಯಿತು. ನಾಳೆ ಸೋಮವಾರ. ಮಗಳನ್ನು ಈಜಿಗೆ ಬಿಟ್ಟು, ಕರೆತಂದು, ನೇರ ಮಕ್ತುಂಸಾಬರ ಅಂಗಡಿಗೆ ಹೋಗಬೇಕೆಂದು ಲೆಕ್ಕ ಹಾಕಿದ.

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಹನ್ನೆರಡು ವರ್ಷದ ಸಿಂಚನಾ ಈಜಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕುಳಿತಿದ್ದಳು. ಪ್ರಭುಲಿಂಗ ಜೋರಾಗಿ ಓಡಿಸುತ್ತಿರಲಿಲ್ಲ. ಮಗಳು ಪಕ್ಕದಲ್ಲಿದ್ದರೆ ಅವನು ಎಂದೂ ಜೋರು ಓಡಿಸಿದವನಲ್ಲ. ಧಾರವಾಡ ಹತ್ತಿರವಾಯಿತು. ಒಂದು ಕಡೆ ರಸ್ತೆ ಬಲಕ್ಕೆ ಹೊರಳುತ್ತದೆ. ಅವನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ. ಕಾರು ತಿರುಗಲಿಲ್ಲ.

ಎಡಗಡೆಯ ಟೈರು ನೀರಿನ ಮೇಲೆ ಜಾರಿತು. ಕಾರು ರಸ್ತೆ ಬಿಟ್ಟು ಪಕ್ಕದ ಕೆಸರಿಗಿಳಿದು, ಒಂದು ಬೇವಿನ ಮರದ ಹತ್ತಿರ ನಿಂತಿತು. ಸಿಂಚನಾಳ ಬಾಗಿಲಿಗೂ ಆ ಮರಕ್ಕೂ ನಡುವೆ ಒಂದು ಗೇಣು ಜಾಗವಿತ್ತು. ಅವಳಿಗೆ ಬಾಗಿಲು ತೆಗೆಯಲಾಗಲಿಲ್ಲ. ಅಪ್ಪನ ಸೀಟನ್ನು ದಾಟಿ ಅವನ ಬಾಗಿಲಿನಿಂದ ಹೊರಗೆ ಬಂದಳು. ಇಬ್ಬರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ.

"ಪಪ್ಪಾ, ನೀವು ಜೋರ ಹೊಡದ್ರೇನು?"

"ಇಲ್ಲವ್ವಾ."

"ಹಂಗಾರ ಯಾಕ ಜಾರಿತು?"

ಪ್ರಭುಲಿಂಗನಿಗೆ ಉತ್ತರ ಗೊತ್ತಿತ್ತು. ಆದರೂ "ಟೈರ ಹಳೇವು ಆಗ್ಯಾವು. ಈಗ ಬದಲಸೂಣು," ಎಂದ. ದಾರಿಹೋಕರು ಕೈಜೋಡಿಸಿ ಕಾರನ್ನು ರಸ್ತೆಗೆ ತಳ್ಳಿದರು. ಈಜಿಗೆ ಹೋಗದೆ, ಬಹಳ ಮೆಲ್ಲಗೆ ಕಾರು ಓಡಿಸಿಕೊಂಡು ಅಂಗಡಿಗೆ ಬಂದ. ಮಕ್ತುಂಸಾಬರು ಆಗಷ್ಟೇ ಶಟರ್ ಎತ್ತಿದ್ದರು.

ಅವರಿಗೆ ನಡೆದದ್ದೇನೂ ಗೊತ್ತಿಲ್ಲ. ಸ್ಟೂಲಿನ ಮೇಲೆ ಕುಳಿತ ಹುಡುಗಿಯನ್ನು ನೋಡಿ ನಕ್ಕರು. ಗಾಲಿ ಬಿಚ್ಚಿಸಿ, ಎಂದಿನಂತೆ ಕನ್ನಡಕ ಇಳಿಸಿ ಓದತೊಡಗಿದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು.

"ಇದೇನಿದು? ಟ್ರ್ಯಾಕಿನ ಗುರುತಲ್ಲ ಇದು. ಟ್ರ್ಯಾಕಿನ್ಯಾಗ ಎಡಕ್ಕೂ ತಿರುವಿರ್ತಾವು, ಬಲಕ್ಕೂ ತಿರುವಿರ್ತಾವು. ಬಲಗಡಿ ಟೈರು ನೆಟ್ಟಗ ಅದಾವು. ಎಡಗಡಿ ಎರಡೂ ಬೋಳು." ಅಂಚಿಗೆ ಅಂಟಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ಮೂಸಿದರು. "ಸಿಮೆಂಟು. ಯಾರೋ ಸಿಮೆಂಟಿನ ನೆಲದ ಮ್ಯಾಲೆ ಬಲಕ್ಕ ಬಲಕ್ಕ ಸುತ್ತಿ, ಬೇಕಂತಲೇ ತಿಕ್ಯಾರ. ಇಂಥಾ ಕೆಲಸ ಯಾರ ಮಾಡಿದ್ರು ಸಾವ್ಕಾರ್ರ? ಈ ಟೈರಲೆ ಮಳ್ಯಾಗ ಬಲಕ್ಕ ಹೊರಳಿದ್ರ ಮನಷ್ಯಾ ಉಳಿಯಂಗಿಲ್ಲ."

ಸಿಂಚನಾ ಅಪ್ಪನ ಕಡೆ ನೋಡಿದಳು. ಅವಳಿಗೆ ಮೂರು ಸಂಜೆಯ "ಕಣದ ಕೆಲಸ" ಅರ್ಥವಾಗಿತ್ತು.

"ನಾನ ಮಾಡೀನ್ರಿ ಚಾಚಾ," ಎಂದ ಪ್ರಭುಲಿಂಗ. "ನಿಮ್ಮ ಕಡಿಂದ ಹೌದು ಅನ್ನಸಾಕ."

ಅವನಿಗೆ ಆಗ ಆದ ನಾಚಿಕೆ ಅಷ್ಟಿಷ್ಟಲ್ಲ. ಹದಿನಾಲ್ಕನೆಯವನಾಗಿ ಬಂದಾಗ ಆದದ್ದು ಇದರ ಮುಂದೆ ಏನೂ ಅಲ್ಲ. ಸಿಂಚನಾ ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಈಜಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, "ಪಪ್ಪಾ, ನಾಳಿಂದ ನಾ ಬಸ್ಸಿಗೆ ಹೋಗ್ತೀನಿ," ಎಂದಳು.

ಮಕ್ತುಂಸಾಬರು ಟೈರನ್ನು ಪಕ್ಕಕ್ಕೆ ಸರಿಸಿದರು. "ಅರ್ಧ ತಪ್ಪು ನಂದೂ ಐತ್ರಿ," ಎಂದರು. "ಮನಷ್ಯಾ ಎದುರಿಗೆ ನಿಂತಿದ್ದ. ಅವನ್ನ ಕೇಳೂದ ಬಿಟ್ಟು ರಬ್ಬರಿಗೆ ಸಾಕ್ಷಿ ಕೇಳಿದೆ. ಕೇಳಿದ್ದಕ್ಕ ನೀವು ಸುಳ್ಳ ಸಾಕ್ಷಿ ತಯಾರ ಮಾಡಿ ತಂದ್ರಿ." ಎದ್ದು ಎರಡೂ ಥರದ ಟೈರುಗಳನ್ನು ಅವನ ಮುಂದೆ ಉರುಳಿಸಿದರು. "ಇವತ್ತ ನಾ ಏನೂ ಓದಂಗಿಲ್ಲ. ಬೇಕಾದ್ದ ತಗೋರಿ. ಯಾವುದು ಹಾಕಲಿ?"

ಆಗಲೂ ಪ್ರಭುಲಿಂಗನ ಕಣ್ಣು ಒಮ್ಮೆ ಟ್ರ್ಯಾಕ್ ಟೈರಿನ ಮೇಲೆ ಹೋಯಿತು. ಆಸೆ ಅಷ್ಟು ಬೇಗ ಸಾಯುವುದಿಲ್ಲ. ಆಮೇಲೆ ಅವನು ಸ್ಟೂಲಿನ ಕಡೆ ನೋಡಿದ. ಸ್ಟೂಲು ಖಾಲಿ ಇತ್ತು. ಮಗಳು ಆಗಲೇ ಹೊರಗೆ ಹೋಗಿ ಕಾರಿಗೆ ಬೆನ್ನು ಮಾಡಿ ನಿಂತಿದ್ದಳು.

"ರೋಡ್ ಟೈರ ಹಾಕ್ರಿ."

"ರೇಸಿನ ಆಸೆ ತಪ್ಪಲ್ರಿ," ಎಂದರು ಮುದುಕರು ಗಾಲಿ ಕೂಡಿಸುತ್ತ. "ಒಂದ ದಿನ ಟ್ರ್ಯಾಕ್ ಟೈರ ಬ್ಯಾರೆ ಗಾಲಿಗೆ ಹಾಕಿಸಿ ಟೆಂಪೋದಾಗ ಹೇರಿ ಒಯ್ರಿ. ಅಲ್ಲೇ ಹಾಕ್ರಿ, ಅಲ್ಲೇ ಬಿಚ್ಚರಿ. ಅಲ್ಲಿದು ಅಲ್ಲಿಗೆ, ಇಲ್ಲಿದು ಇಲ್ಲಿಗೆ."

ಟೈರು ಬದಲಾದವು, ಆದರೆ ಮಗಳ ಮನಸ್ಸು ಬದಲಾಗಲಿಲ್ಲ. ಮರುದಿನದಿಂದ ಸಿಂಚನಾ ಬಸ್ಸಿಗೆ ಹೊರಟಳು. ಪ್ರಭುಲಿಂಗ ಹೊಸ ಟೈರು ತೋರಿಸಿದ, ಆಣೆ ಮಾಡಿದ. ಅವಳು "ಹೂಂ" ಎಂದು ಬಸ್ಸೇ ಹತ್ತಿದಳು. ಅವನ ಹೆಂಡತಿ ಒಂದು ದಿನ ಹೇಳಿದಳು: "ಆಕಿ ನಂಬಿಕಿ ನೀವು ಬಾಯಿಮಾತಿಲೆ ಕಳಕೊಂಡಿದ್ದಲ್ಲರಿ. ಬಾಯಿಮಾತಿಲೆ ತಿರುಗಿ ಬರಂಗಿಲ್ಲ." ಅಂದಿನಿಂದ ಅವನು ಮಾತು ಬಿಟ್ಟ. ದಿನಾ ಬೆಳಿಗ್ಗೆ ಕೊಡೆ ಹಿಡಿದು ಮಗಳ ಜೊತೆ ಬಸ್ ಸ್ಟಾಪಿನವರೆಗೆ ನಡೆದ. ಬಸ್ಸು ಕಣ್ಮರೆಯಾಗುವವರೆಗೆ ನಿಂತ.

ರೇಸಿನ ದಿನ ಬಂತು, ಹೋಯಿತು. ಗೆಳೆಯರು ಕಳಿಸಿದ ಫೋಟೋಗಳು ಅಪ್ಪನ ಮೊಬೈಲಿನಲ್ಲಿ ಸಿಂಚನಾಳ ಕಣ್ಣಿಗೆ ಬಿದ್ದವು.

"ನೀವ್ಯಾಕ ಹೋಗಲಿಲ್ಲ ಪಪ್ಪಾ?"

"ಅವತ್ತ ಮುಂಜಾನೆ ನಿನ್ನ ಬಸ್ ಸ್ಟಾಪಿಗೆ ಬಿಡೂದಿತ್ತಲ್ಲ."

ಅವಳು ಮೊಬೈಲನ್ನು ಅಪ್ಪನ ಕೈಗೆ ಕೊಟ್ಟಳು.

ಅದಾದ ಒಂದು ವಾರಕ್ಕೆ ಬೆಳಿಗ್ಗೆ ಜೋರು ಮಳೆ ಹಿಡಿಯಿತು. ಪ್ರಭುಲಿಂಗ ಕೊಡೆ ತರಲು ಒಳಗೆ ಹೋದ. ಹೊರಗೆ ಬಂದು ನೋಡಿದರೆ ಕಾರಿನ ಎಡಗಡೆಯ ಸೀಟಿನಲ್ಲಿ ಸಿಂಚನಾ ಕುಳಿತಿದ್ದಳು. ಬೆಲ್ಟು ಹಾಕಿಕೊಂಡಿದ್ದಳು.

ಅವನು ಕೊಡೆ ಮಡಚಿ ಸ್ಟಿಯರಿಂಗ್ ಹಿಂದೆ ಕುಳಿತ. ಒಂದೂ ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ಇಳಿದು ಹೋಗುತ್ತಾಳೋ ಎಂಬ ಭಯ.

"ಮೆಲ್ಲಕ ಹೋಗ್ರಿ," ಎಂದಳು ಅವಳು.

ಧಾರವಾಡ ಹತ್ತಿರವಾಯಿತು. ರಸ್ತೆ ಬಲಕ್ಕೆ ಹೊರಳುವ ಆ ಜಾಗ ಬಂತು. ಸಿಂಚನಾ ಎರಡೂ ಕೈಯಿಂದ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಪ್ರಭುಲಿಂಗ ಸ್ಟಿಯರಿಂಗ್ ತಿರುಗಿಸಿದ. ನೀರು ಪಕ್ಕಕ್ಕೆ ಚಿಮ್ಮಿತು. ಕಾರು ತಿರುಗಿತು. ಬೇವಿನ ಮರ ದೂರದಲ್ಲೇ ಹಿಂದೆ ಸರಿಯಿತು. ಅದಾದ ಮೇಲೂ ಸಿಂಚನಾ ಸುಮಾರು ದೂರ ಸೀಟು ಹಿಡಿದೇ ಇದ್ದಳು. ಆಮೇಲೆ ಒಂದು ಕೈ ಬಿಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯನ್ನೂ ಬಿಟ್ಟಳು.

ನೀತಿ: ವರ್ಷಕ್ಕೊಮ್ಮೆ ಬರುವ ಮೆರೆಯುವ ದಿನಕ್ಕಾಗಿ, ದಿನಾ ನಡೆಯುವ ದಾರಿಯ ಹಿಡಿತವನ್ನು ಕಳೆದುಕೊಳ್ಳಬಾರದು. ಆಸೆಯಿದ್ದರೆ ಅದನ್ನು ನೇರವಾಗಿ ಹೇಳಬೇಕು. ಅದಕ್ಕಾಗಿ ಸುಳ್ಳು ಸಾಕ್ಷಿ ಹುಟ್ಟಿಸಿದರೆ, ಆ ಸುಳ್ಳಿನ ಪೆಟ್ಟು ಮೊದಲು ಬೀಳುವುದು ನಮ್ಮನ್ನು ನಂಬಿ ಪಕ್ಕದಲ್ಲಿ ಕುಳಿತವರ ಮೇಲೆ. ಮೂರು ಸಂಜೆಯಲ್ಲಿ ಸವೆದ ನಂಬಿಕೆ ಹೊಸ ಟೈರಿನಂತೆ ಅಂಗಡಿಯಲ್ಲಿ ಸಿಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪವಾಗಿ ಗಳಿಸಬೇಕು.